ಗಿರಾಕಿ ತಂದ ಸಾಮಾನು, ಮಿಸ್ತ್ರಿಯ ಮಜೂರಿ

ಮುಂಗಾರಿನ ಮೊದಲ ಮಳೆಗೆ ಹದವಾದ ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಹೆಸರು ಬಿತ್ತಲು ಸಿಗುವ ದಿನಗಳು ಕಡಿಮೆ. ಆ ಹೊತ್ತಿಗೆ ಟ್ರ್ಯಾಕ್ಟರಿನ ಕ್ಲಚ್ ಕೈಕೊಟ್ಟರೆ ರೈತ ಸಾಮಾನು ಬರಲೆಂದು ಗ್ಯಾರೇಜಿನ ಮುಂದೆ ಕಾಯುವುದಿಲ್ಲ. ಹುಬ್ಬಳ್ಳಿ ಬಸ್ ಹತ್ತಿ ತಾನೇ ಕ್ಲಚ್ ಪ್ಲೇಟ್ ಕೊಂಡು ತರುತ್ತಾನೆ. ಅದನ್ನು ಕಂಡ ಮಿಸ್ತ್ರಿ, ‘ನೀವು ತಂದ ಸಾಮಾನು ನಾ ಹಾಕಂಗಿಲ್ರೀ’ ಎನ್ನುವುದುಂಟು. ಹಾಕಬೇಕು ಎಂಬುದೇ ನನ್ನ ನಿಲುವು. ಆದರೆ ಈಗಿನ ಲೆಕ್ಕದ ರೂಢಿಯನ್ನು ಹಾಗೆಯೇ ಇಟ್ಟುಕೊಂಡು ಮಿಸ್ತ್ರಿಯನ್ನು ಒತ್ತಾಯಿಸುವುದು ಅನ್ಯಾಯ.

ಮಿಸ್ತ್ರಿಯ ಹಿಂಜರಿಕೆಗೆ ಗಟ್ಟಿ ಕಾರಣವಿದೆ. ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇರ್ಪಡಿಸಿ ಟ್ರ್ಯಾಕ್ಟರನ್ನು ಎರಡು ಭಾಗ ಮಾಡಬೇಕು. ಪ್ಲೇಟ್ ಡೂಪ್ಲಿಕೇಟ್ ಆಗಿದ್ದು ಕೆಲವೇ ದಿನಗಳಲ್ಲಿ ಜಾರತೊಡಗಿದರೆ ಅಷ್ಟೂ ಕೆಲಸ ಮತ್ತೆ ಮೊದಲಿನಿಂದ. ‘ಮಜೂರಿ ಕೊಟ್ಟೀನಲ್ಲಪಾ, ಸರಿ ಮಾಡಿಕೊಡು’ ಎಂದು ರೈತ. ‘ಫಿಟ್ಟಿಂಗ್ ಸರಿಯಾಗಿಲ್ಲ’ ಎಂದು ಸಾಮಾನು ಮಾರಿದ ಅಂಗಡಿಯವ. ನಡುವೆ ಸಿಕ್ಕಿಬೀಳುವವನು ಮಿಸ್ತ್ರಿ. ಕಲಘಟಗಿ, ಕುಂದಗೋಳ ಕಡೆಯ ಬೋರ್‌ವೆಲ್ ಮೋಟಾರಿನದೂ ಇದೇ ಪಾಡು: ಕಳಪೆ ಬೇರಿಂಗ್ ಕೆಟ್ಟರೆ ಪೈಪು ಸಮೇತ ಮೋಟಾರನ್ನು ಮತ್ತೆ ಮೇಲೆತ್ತಬೇಕು. ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇದೆ. ಹಳ್ಳಿಯಲ್ಲಿ ಮಜೂರಿ ಹೆಚ್ಚು ಕೇಳಿದರೆ ಗಿರಾಕಿ ನಿಲ್ಲುವುದಿಲ್ಲ. ಹಾಗಾಗಿ ಮಿಸ್ತ್ರಿಯ ಸಂಸಾರ ಬಹುಮಟ್ಟಿಗೆ ನಡೆಯುವುದು ಸಾಮಾನಿನ ಮೇಲಿನ ಲಾಭದಿಂದ. ಸುಗ್ಗಿಯ ತನಕ ಉದ್ರಿ ಕೊಡುವವನೂ ಅವನೇ. ಆ ಲಾಭ ತಪ್ಪಿಸಿ, ಹಳೆಯ ಮಜೂರಿಗೇ ದುಡಿ ಎಂದರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ.

ಹಾಗೆಂದು ಯಂತ್ರದ ಮಾಲೀಕನ ಆಯ್ಕೆಯನ್ನು ಕಸಿಯಲಾಗದು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗಬೇಕೆಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹೋದವು, ನಿಜ. ಆದರೂ ರಿಪೇರಿಯ ಆಯ್ಕೆ ಮಾಲೀಕನದು ಎಂಬ ಮಾತಿಗೆ ಬಲ ಬಂತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ರಚಿಸಿದಾಗ ಗುರುತಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಸೇರಿತ್ತು. ದೊಡ್ಡ ಕಂಪನಿ ಹಾಕಿದರೆ ತಪ್ಪಾಗುವ ಬೀಗವನ್ನು ಊರಿನ ಗ್ಯಾರೇಜು ಹಾಕಿದರೆ ಸರಿ ಎನ್ನುವುದು ಹೇಗೆ?

ದಾರಿ ಇರುವುದು ಹೊಣೆಯನ್ನು ಬೇರ್ಪಡಿಸುವುದರಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಸ್ತು ತಯಾರಿಸಿದವನು, ಮಾರಿದವನು, ಸೇವೆ ಕೊಟ್ಟವನು, ಈ ಮೂವರ ಹೊಣೆಯನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಅಪಾಯದ ಬಗ್ಗೆ ಎಚ್ಚರಿಸದೆ ಹಾನಿಯಾದರೆ ಸೇವೆ ಕೊಟ್ಟವನೂ ಉತ್ತರಿಸಬೇಕಾಗುತ್ತದೆ. ಆದ್ದರಿಂದ ಕಳಪೆ ಸಾಮಾನು ಕಂಡ ಮಿಸ್ತ್ರಿ ಸುಮ್ಮನಿರಬಾರದು. ಗಿರಾಕಿ ತಂದ ಸಾಮಾನಿನ ಕಂಪನಿ ಮತ್ತು ನಂಬರು, ಫಿಟ್ಟಿಂಗಿಗೆ ಎಷ್ಟು ದಿನದ ಗ್ಯಾರಂಟಿ, ಸಾಮಾನೇ ಕೆಟ್ಟರೆ ಮಜೂರಿ ಮತ್ತೆ ಕೊಡಬೇಕೆಂಬ ಷರತ್ತು, ಇಷ್ಟನ್ನು ಕೆಲಸಕ್ಕೆ ಮೊದಲೇ ಬರೆದರೆ ಜಗಳದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಇಂಥ ಕೆಲಸಕ್ಕೆ ಮಜೂರಿ ಹೆಚ್ಚಿರಲಿ, ಮೊದಲೇ ಹೇಳಿರಲಿ. ಬಡ ರೈತನಿಗೆ ಇದು ಹೊರೆ ಎನ್ನುವವರಿದ್ದಾರೆ. ಆದರೆ ಸಾಮಾನಿನ ದರದಲ್ಲಿ ಸೇರಿಕೊಂಡ ಅದೇ ಹಣವನ್ನು ಅವನು ಇಂದೂ ಕೊಡುತ್ತಿದ್ದಾನೆ, ಎಷ್ಟೆಂದು ತಿಳಿಯದೆ. ನಂಬಿಕೆಯ ಮೇಲೆ ನಡೆಯುವ ಊರಿನಲ್ಲಿ ಬರಹವೇಕೆ ಎಂಬ ಮಾತೂ ನಿಲ್ಲುವುದಿಲ್ಲ: ಉದ್ರಿ ಬರೆಯುವ ವಹಿಯಲ್ಲಿ ಇನ್ನೆರಡು ಸಾಲು ಸೇರಿಸಿ ಮೊಬೈಲಿನಲ್ಲಿ ಫೋಟೊ ಹೊಡೆದರೆ ಸಾಕು.

ಬ್ರೇಕು ಮತ್ತು ಸ್ಟೇರಿಂಗಿನ ವಿಷಯದಲ್ಲಿ ಮಾತ್ರ ಈ ಒಪ್ಪಂದ ನಡೆಯಬಾರದು. ಕಬ್ಬು ಹೇರಿದ ಟ್ರೇಲರ್ ಇಳಿಜಾರಿನಲ್ಲಿ ನಿಲ್ಲದೆ ಹೋದರೆ ಪ್ರಾಣ ತೆರುವವನು ಎದುರಿಗೆ ಬರುತ್ತಿದ್ದ ಬೈಕಿನವನು. ಅವನು ಯಾವ ಷರತ್ತಿಗೂ ಒಪ್ಪಿದವನಲ್ಲ. ಅಂಥಲ್ಲಿ ಕಳಪೆ ಸಾಮಾನು ಹಾಕಲಾರೆ ಎನ್ನುವ ಮಿಸ್ತ್ರಿಯ ಮಾತೇ ಕೊನೆಯದಾಗಬೇಕು.

ರೈತರಲ್ಲಿ ಒಂದು ವಿನಂತಿ: ಹುಬ್ಬಳ್ಳಿಗೆ ಹೊರಡುವ ಮೊದಲು ಬಿಚ್ಚಿದ ಹಳೆಯ ಸಾಮಾನನ್ನು ಜೊತೆಗೆ ಒಯ್ಯಿರಿ, ಮಿಸ್ತ್ರಿಯಿಂದ ನಂಬರು ಬರೆಸಿಕೊಳ್ಳಿ, ಅಂಗಡಿಯಲ್ಲಿ ಬಿಲ್ಲು ಕೇಳಿ ಪಡೆಯಿರಿ.