ಸರ್ಜರಿ ಆದ ಮೇಲೆ ಸೀಗಡಿ ತಿನ್ನಬಹುದಾ?

ಊಟ ಮಾಡ್ತಾ ಕೇಳ್ತಿದ್ರೆ ಈ ಸಂಚಿಕೆ ಆಮೇಲೆ ಕೇಳ್ರಿ, ಇವತ್ತು ವಾಂತಿ ವಿಷಯಾನೂ ಬರ್ತದ.

ಬಾದಾಮಿಯಿಂದ ಒಬ್ಬ ಕೇಳುಗರ ಪ್ರಶ್ನೆ: "ತೂಕ ಇಳಿಸೋ ಸರ್ಜರಿ ಆಗಿ ಎರಡು ತಿಂಗಳಾತು. ಸೀಗಡಿ, ಏಡಿ ತಿನ್ನಬಹುದೇನ್ರಿ?" ಇದಕ್ಕೆ ನನ್ನ ಅನುಭವಾನೇ ಉತ್ತರ.

ನಾನು ಬಾಗಲಕೋಟೆ ನವನಗರದಂವ. ನನಗೂ ಸ್ಲೀವ್ ಸರ್ಜರಿ ಆಗ್ಯದ. ಜಠರದ ಶೇ. 75ರಿಂದ 80ರಷ್ಟು ಭಾಗ ತೆಗೆದು, ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಸ್ತಾರೆ. ಎರಡನೇ ತಿಂಗಳು ಮುಗಿಯೋ ಹೊತ್ತಿಗೆ ಇಳಕಲ್‌ಗೆ ಅತ್ತಿ ಮನೆಗೆ ಹೋದೆ. ನಮ್ಮ ಕಡೆ ಮೀನು ಅಂದ್ರೆ ಆಲಮಟ್ಟಿ ಹಿನ್ನೀರಿನ ಮೀನು. ಸಮುದ್ರದ ಸೀಗಡಿ ಅಪರೂಪ. ಮಾವ ಕಾರವಾರದಿಂದ ಐಸ್ ಡಬ್ಬದೊಳಗ ತಂದಿದ್ರು. "ಎಷ್ಟ್ ಸೊರಗಿಯೋ ತಮ್ಮಾ, ಇನ್ನೆರಡು ಹಾಕ್ಕೊ" ಅಂದ್ಲು ಅತ್ತಿ. ಬ್ಯಾಡ ಅನ್ನೋಕೆ ಆಗಲಿಲ್ಲ. ಮೊದಲಿನಂಗ ಗಬಗಬ ಐದು ತಿಂದೆ.

ಹತ್ತು ನಿಮಿಷಕ್ಕ ಎದಿ ನಡುವೆ ಕಲ್ಲು ಇಟ್ಟಂಗಾತು. ಬಾಯಿ ತುಂಬ ಜೊಲ್ಲು. ಬಚ್ಚಲಕ್ಕ ಓಡಿದೆ.

ತಪ್ಪು ಸೀಗಡಿದಲ್ಲ. 100 ಗ್ರಾಂ ಬೇಯಿಸಿದ ಸೀಗಡಿಯಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುತ್ತೆ, ಕೊಬ್ಬು ಬಹಳ ಕಡಿಮೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಾದ, ಆದ್ರೆ ನಾಲ್ಕು ತುತ್ತಿಗೇ ತುಂಬೋ ಹೊಟ್ಟೆಗೆ ಇದು ಒಳ್ಳೇದೇ. ತೊಂದರೆ ಇರೋದು ಅದರ ನಾರಿನಲ್ಲಿ. ಎರಡು-ಮೂರು ನಿಮಿಷಕ್ಕ ಬೇಯೋ ಸೀಗಡಿಯನ್ನ ಜಾಸ್ತಿ ಹೊತ್ತು ಕುದಿಸಿದ್ರೆ ರಬ್ಬರ್ ಆಗ್ತದ. ಸ್ಲೀವ್ ಮೊದಲಿನ ಹೊಟ್ಟೆಯಂಗ ಹಿಗ್ಗಲ್ಲ. ಸರಿಯಾಗಿ ಅಗಿಯದ ಚೂರು ಅಲ್ಲೇ ಸಿಕ್ಕೊಳ್ತದ.

ಸಾಮಾನ್ಯವಾಗಿ ಮೊದಲು ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನ ಊಟ ಕೊಡ್ತಾರೆ. ಆರರಿಂದ ಎಂಟು ವಾರದ ನಂತರ ಗಟ್ಟಿ ಊಟ. ನಿಮ್ಮ ದಿನ ಯಾವುದು ಅಂತ ನಿಮ್ಮ ಸರ್ಜನ್ ಹೇಳಬೇಕು. ಅವರು ಹೂಂ ಅಂದ ಮೇಲೆ ಸಣ್ಣಗೆ ಹೆಚ್ಚಿ ಒಂದೇ ಸೀಗಡಿಯಿಂದ ಶುರು ಮಾಡ್ರಿ. ಕರಿದದ್ದು ಬ್ಯಾಡ, ಮೆತ್ತಗಿನ ಸಾರಿನೊಳಗಿಂದು ಇರಲಿ. ಪ್ರತಿ ತುತ್ತು ಪೇಸ್ಟ್ ಆಗೋ ತನಕ ಅಗಿರಿ. ಉಣ್ಣುವಾಗ ನೀರು ಕುಡಿಯಬ್ಯಾಡ್ರಿ, ಉಂಡ ಮೇಲೂ ಅರ್ಧ ತಾಸು ತಡೀರಿ. ಸಾಕು ಅನಿಸಿದ ಕೂಡಲೇ ಕೈ ತೊಳೀರಿ. ಮೊದಲಿಂದ ಸೀಗಡಿ ಅಲರ್ಜಿ ಇದ್ರೆ ಮುಟ್ಟಲೇಬ್ಯಾಡ್ರಿ, ಬೇಯಿಸಿದ್ರೂ ಅಲರ್ಜಿ ಹೋಗಲ್ಲ. ತೂಕ ಜೋರಾಗಿ ಇಳಿಯುವಾಗ ಯೂರಿಕ್ ಆಸಿಡ್ ಏರಬಹುದು. ಗೌಟ್ ಇದ್ದೋರು ಡಾಕ್ಟರನ್ನ ಕೇಳದೆ ತಿನ್ನಬಾರದು.

ಮಲಪ್ರಭಾ ಹೊಳಿ ಏಡಿನಾ? ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಹೋಗೋ ಹುಳ ಇರಬಹುದು, ಪೂರ್ತಿ ಬೇಯಲೇಬೇಕು. ಚಿಪ್ಪಿನ ಚೂರು ಒಂದೂ ಉಳಿಯದಂಗ ಬಿಡಿಸ್ರಿ. ಇದೆಲ್ಲ ತಿನ್ನದೋರು ಚಿಂತಿ ಮಾಡಬ್ಯಾಡ್ರಿ, ತತ್ತಿ, ಮೊಸರು, ಹೆಸರುಬ್ಯಾಳಿ ಅದಾವ.

ಇನ್ನು ಮುಖ್ಯ ಮಾತು. ಇಳಕಲ್‌ನಿಂದ ಬಂದ ಮೇಲೂ ನನ್ನ ವಾಂತಿ ನಿಲ್ಲಲಿಲ್ಲ. ನೀರು ಕುಡಿದ್ರೂ ಹೊರಗ. "ಕೊಯ್ಯಿಸ್ಕೊಂಡು ತೆಳ್ಳಗಾದ" ಅಂತ ಮಂದಿ ನಗ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಹುನಗುಂದಕ್ಕ ಕೆಲಸಕ್ಕ ಹೋದಾಗ ತಲಿ ತಿರುಗಿ ಕುಂತೆ. ಗೆಳೆಯ ಹತ್ತಿರದ ಕ್ಲಿನಿಕ್‌ಗೆ ಕರ್ಕೊಂಡು ಹೋದ. ನರ್ಸ್ ಗ್ಲೂಕೋಸ್ ಬಾಟ್ಲಿ ತಂದ್ರು. ಆಗ ಬಾಯಿ ಬಿಟ್ಟೆ: "ಡಾಕ್ಟ್ರೇ, ನನಗ ಹೊಟ್ಟಿ ಸರ್ಜರಿ ಆಗ್ಯದ್ರಿ."

ಡಾಕ್ಟರು ಬಾಟ್ಲಿ ನಿಲ್ಲಿಸಿ ಮೊದಲು ಬಿ1 ಇಂಜೆಕ್ಷನ್ ಕೊಟ್ರು. ಯಾಕಂದ್ರೆ ದೇಹದಲ್ಲಿ ಬಿ1, ಅಂದ್ರೆ ಥಯಾಮಿನ್, ಕೆಲವೇ ವಾರಕ್ಕಾಗುವಷ್ಟು ಇರುತ್ತೆ. ಊಟ ಕಡಿಮೆ ಇದ್ದು ವಾಂತಿನೂ ಶುರುವಾದ್ರೆ ಬೇಗ ಖಾಲಿ ಆಗ್ತದ. ಗ್ಲೂಕೋಸ್ ಬಳಸೋಕೆ ದೇಹಕ್ಕೆ ಅದೇ ಬಿ1 ಬೇಕು. ಅದು ಇಲ್ಲದೆ ಬರೀ ಗ್ಲೂಕೋಸ್ ಹಚ್ಚಿದ್ರೆ ಮಿದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡೋದು, ಕಣ್ಣಿಗೆ ಎರಡೆರಡು ಕಾಣೋದು, ಗೊಂದಲ ಆಗೋದು ಅದರ ಲಕ್ಷಣ. ತಡ ಆದ್ರೆ ಕೆಲವರಿಗೆ ಪೂರ್ತಿ ವಾಸಿ ಆಗಲ್ಲ.

ಅದಕ್ಕೆ ಒಂದು ಕೆಲಸ ಮಾಡ್ರಿ. ಸರ್ಜರಿ ಹೆಸರು, ದಿನಾಂಕ, ಸರ್ಜನ್ ನಂಬರ್ ಫೋನಿನ ಲಾಕ್ ಸ್ಕ್ರೀನ್ ಮೇಲೆ ಹಾಕ್ಕೊಳ್ಳಿ. ವಾಂತಿ ಒಂದು ದಿನ ದಾಟಿದ್ರೆ ಕಾಯಬ್ಯಾಡ್ರಿ, ಯಾವ ಊರಿನ ಡಾಕ್ಟರಿದ್ರೂ ಮೊದಲು ಸರ್ಜರಿ ವಿಷಯ ಹೇಳ್ರಿ.

ಅತ್ತಿಗೂ ಆಮೇಲೆ ಎಲ್ಲಾ ಹೇಳಿದೆ. "ಮೊದಲ ಹೇಳಬಾರದೇನೋ?" ಅಂತ ಬೈದ್ಲು. ಈಗ ನನಗಂತ ಎರಡೇ ಸೀಗಡಿ ಸಣ್ಣಗೆ ಹೆಚ್ಚಿ ಬ್ಯಾರೆ ಬಟ್ಟಲದಾಗ ಇಡ್ತಾಳ.