ಮಾಳಿಗೆಯ ಮೇಲಿನ ಸೌರ ಫಲಕಗಳ ಶುಚಿತ್ವವು

ಇತ್ತಲಾಗಿ ನಮ್ಮ ಬಾಲಿಕೆಯರ ಅನೇಕರ ಮನೆಗಳಲ್ಲಿ ಮಾಳಿಗೆಯ ಮೇಲೆ ಸೌರ ಫಲಕಗಳು ಕಾಣಬರುತ್ತಲಿವೆ. 2024ನೆಯ ಇಸವಿಯ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಆರಂಭಿಸಿ, 3 ಕಿಲೋವ್ಯಾಟಿನ ಏರ್ಪಾಡಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿದ ಬಳಿಕ ಮಧ್ಯಮ ಸ್ಥಿತಿಯವರೂ ಇದಕ್ಕೆ ಮನಸ್ಸು ಮಾಡಿದ್ದಾರೆ. ಆದರೆ ಫಲಕಗಳನ್ನು ಕೂಡ್ರಿಸಿದವರು ಹಣವನ್ನು ಪಡೆದು ಹೋದ ಮೇಲೆ ಅವುಗಳನ್ನು ನೋಡಿಕೊಳ್ಳುವ ಕೆಲಸವು ಮನೆಯವರ ಮೇಲೆ, ಅದರಲ್ಲಿಯೂ ಹೆಂಗಸರ ಮೇಲೆ ಬೀಳುವದು. ಆದಕಾರಣ ಈ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುವದು ಉಚಿತವೆಂದು ನಮಗೆ ತೋರಿತು.

ಕೊಳೆಯಿಂದಾಗುವ ಕೇಡು ಎರಡು ವಿಧವಾದದ್ದು. ತೆಳ್ಳಗೆ ಹರಡಿದ ಧೂಳು ಫಲಕದ ಮೇಲೆ ಬೀಳುವ ಬೆಳಕನ್ನು ಸ್ವಲ್ಪ ತಡೆಯುವದು. ಅದರಿಂದ ನಷ್ಟವುಂಟು, ಅಪಾಯವಿಲ್ಲ. ಹಕ್ಕಿಗಳ ಹಿಕ್ಕೆಯೂ ಅಂಟಿಕೊಂಡ ತರಗೆಲೆಯೂ ಹಾಗಲ್ಲ. ಫಲಕದೊಳಗಿನ ಸಣ್ಣ ಕೋಶಗಳು ಒಂದಕ್ಕೊಂದು ಸಾಲಾಗಿ ಜೋಡಿಸಲ್ಪಟ್ಟಿರುವವು. ಬಾವಿಯಿಂದ ಕೈಯಿಂದ ಕೈಗೆ ಕೊಡವನ್ನು ದಾಟಿಸುವ ಹೆಂಗಸರ ಸಾಲಿನಲ್ಲಿ ಒಬ್ಬಳು ಸುಮ್ಮನೆ ನಿಂತರೆ ಸಾಲೆಲ್ಲ ನಿಲ್ಲುವದಷ್ಟೆ. ಹಾಗೆಯೇ ಒಂದು ಕೋಶವು ಮುಚ್ಚಿಹೋದರೆ ಅದರ ಸಾಲಿನ ವಿದ್ಯುತ್ ಪ್ರವಾಹವೇ ಕುಗ್ಗುವದು, ಮುಚ್ಚಿದ ಕೋಶವು ಕಾದು ಕಾಲಾಂತರದಲ್ಲಿ ಕೆಡುವದು. ಪ್ರವಾಹವು ಬಳಸಿಕೊಂಡು ಹೋಗುವಂತೆ ಫಲಕದ ಹಿಂದೆ ಡಯೋಡುಗಳನ್ನು ಇಟ್ಟಿರುವರು ನಿಜ. ಆದರೂ ಆಗ ಸಾಮಾನ್ಯವಾಗಿ ಆ ಫಲಕದ ಮೂರನೆಯ ಒಂದು ಪಾಲು ನಿಷ್ಪ್ರಯೋಜಕವಾಗುವದು.

ತೊಳೆಯುವದಕ್ಕೆ ಪ್ರಾತಃಕಾಲವೇ ತಕ್ಕದ್ದು. ಆಗ ಗಾಜು ತಣ್ಣಗಿರುವದು, ಇಬ್ಬನಿಯಿಂದ ಧೂಳು ಮೆತ್ತಗಾಗಿರುವದು. ಮಧ್ಯಾಹ್ನದಲ್ಲಿ ಕಾದ ಗಾಜಿನ ಮೇಲೆ ತಣ್ಣೀರನ್ನು ಎರಚಿದರೆ ಅದು ಬಿರಿಯಲೂಬಹುದು. ಮೆತ್ತನೆಯ ಅರಿವೆ, ಉದ್ದ ಹಿಡಿಯ ಒರಸುಕೋಲು, ನೀರು, ಇಷ್ಟೇ ಸಾಕು. ಪಾತ್ರೆ ಬೆಳಗುವ ಬೂದಿಯನ್ನೂ ತೆಂಗಿನ ನಾರನ್ನೂ ಅಲ್ಲಿಗೆ ಒಯ್ಯಲೇಕೂಡದು. ಗಾಜಿನ ಮೇಲಿನ ನವುರಾದ ಲೇಪವು ಗೀರಿಹೋಗುವದು. ಸಾಬೂನು ಜಿಡ್ಡನ್ನುಳಿಸಿ ಮರುದಿನವೇ ಧೂಳನ್ನು ಹಿಡಿಯುವದು. ಒಣಗಿದ ಹಿಕ್ಕೆಯನ್ನು ಕೆರೆಯದೆ, ಒದ್ದೆಯ ಅರಿವೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ತಾನಾಗಿಯೇ ಬಿಡುವದು. ಬಯಲುಸೀಮೆಯ ಕೊಳವೆ ಬಾವಿಗಳ ಗಡಸು ನೀರು ಒಣಗಿದಲ್ಲಿ ಬಿಳಿಯ ಕಲೆ ನಿಲ್ಲುವದರಿಂದ ಕೂಡಲೇ ಒರಸತಕ್ಕದ್ದು; ಶೇಖರಿಸಿದ ಮಳೆಯ ನೀರಿದ್ದರೆ ಅದೇ ಉತ್ತಮ. ಕೆಳಗಿನ ಅಂಚಿನ ಚೌಕಟ್ಟಿನಲ್ಲಿ ನಿಂತ ಕೆಸರನ್ನು ಮರೆಯಬಾರದು. ಘಟ್ಟದ ಕೆಳಗಿನವರಿಗೆ ಮಳೆಗಾಲದಲ್ಲಿ ಧೂಳಿನ ಚಿಂತೆಯಿಲ್ಲ. ಪಾಚಿಯ ಚಿಂತೆ ಉಂಟು.

ಇಲ್ಲಿ ಒಂದು ಮಾತನ್ನು ತಾಯಂದಿರಿಗೆ ಒತ್ತಿ ಹೇಳಬೇಕಾಗಿದೆ. 3 ಕಿಲೋವ್ಯಾಟಿನ ಏರ್ಪಾಡಿನಲ್ಲಿ 6 ಫಲಕಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 250ರಿಂದ 300 ವೋಲ್ಟಿನಷ್ಟು ಒತ್ತಡವು ಉಂಟಾಗುವದು. ಇನ್ವರ್ಟರಿನ ಗುಂಡಿಯನ್ನು ಆರಿಸಿದ ಮಾತ್ರಕ್ಕೆ ಇದು ಇಲ್ಲವಾಗದು; ಬಿಸಿಲಿರುವವರೆಗೂ ಫಲಕವು ಜೀವಂತವಾಗಿಯೇ ಇರುವದು. ಒಡೆದ ಗಾಜನ್ನಾಗಲಿ ಸುಲಿದ ತಂತಿಯನ್ನಾಗಲಿ ಕಂಡರೆ ನೀರು ಮುಟ್ಟಿಸದೆ ತಿಳಿದವರನ್ನು ಕರೆಸತಕ್ಕದ್ದು. ಕೈಪಿಡಿ ಗೋಡೆಯಿಲ್ಲದ ಮಾಳಿಗೆಗೂ ಹೆಂಚಿನ ಮಾಡಿಗೂ ಹುಡುಗಿಯರನ್ನು ಹತ್ತಿಸಕೂಡದು. ಕೂಲಿಗೆ ಬಂದವನು ಫಲಕದ ಮೇಲೆಯೇ ಕಾಲಿಟ್ಟು ತೊಳೆಯುವದನ್ನು ನಾವು ನೋಡಿದ್ದೇವೆ. ಗಾಜು ಒಡೆಯದಿದ್ದರೂ ಒಳಗಿನ ಕೋಶಗಳು ಕಣ್ಣಿಗೆ ಕಾಣದಂತೆ ಬಿರಿಯುವವು.

ಇನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬದು. ವಾರಕ್ಕೊಮ್ಮೆಯೆಂದು ಕೆಲವರು ವ್ರತದಂತೆ ಹಿಡಿದಿರುವರು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟವಿರುವ ಊರಿನಲ್ಲಿ ಇದು ನಮಗೆ ಸರಿಕಾಣದು. ಒಂದು ಪುಸ್ತಕವನ್ನಿಟ್ಟು ಪ್ರತಿ ಸಾಯಂಕಾಲ ಇನ್ವರ್ಟರು ತೋರಿಸುವ ಯೂನಿಟ್ಟುಗಳನ್ನೂ ಆ ದಿನದ ಆಕಾಶಸ್ಥಿತಿಯನ್ನೂ ಬರೆಯುವದು ಲೇಸು. ನಮ್ಮ ನಾಡಿನಲ್ಲಿ ನಿರ್ಮಲವಾದ ದಿನ ಒಂದು ಕಿಲೋವ್ಯಾಟಿಗೆ ಸುಮಾರು 4 ಯೂನಿಟ್ಟು, ಅಂದರೆ 3 ಕಿಲೋವ್ಯಾಟಿಗೆ 12 ಬರತಕ್ಕದ್ದು. ಹತ್ತನೆಯ ಒಂದು ಪಾಲು ಕಡಿಮೆಯಾದರೆ ತಿಂಗಳಿಗೆ 36 ಯೂನಿಟ್ಟು ಹೋಯಿತು.

ಆದರೆ ಲೆಕ್ಕವು ಇಳಿದೊಡನೆ ಬಕೆಟ್ಟನ್ನು ಹುಡುಕುವದಲ್ಲ. ಹಗಲಿನಲ್ಲಿ ಕರೆಂಟು ಹೋಗಿತ್ತೋ ಎಂದು ಮೊದಲು ವಿಚಾರಿಸಬೇಕು. ಯಾಕಂದರೆ ಬ್ಯಾಟರಿಯಿಲ್ಲದೆ ಬೀದಿಯ ತಂತಿಗೆ ಜೋಡಿಸಿದ ಇನ್ವರ್ಟರು, ತಂತಿಯಲ್ಲಿ ದುಡಿಯುವವರ ಪ್ರಾಣರಕ್ಷಣೆಗಾಗಿ, ಆ ಹೊತ್ತಿನಲ್ಲಿ ತಾನೂ ನಿಲ್ಲುವದು. ನೆರೆಮನೆಯ ತೆಂಗಿನ ಗರಿ ಬೆಳೆದು ನೆರಳು ಚಾಚಿತೋ ನೋಡಬೇಕು. ಏಪ್ರಿಲ್ ತಿಂಗಳಿನ ಸೆಕೆಯೂ ಒಂದು ಕಾರಣವೇ. ಫಲಕದ ಶಕ್ತಿಯನ್ನು ಅಳೆಯುವದು 25 ಡಿಗ್ರಿಯ ಉಷ್ಣದಲ್ಲಿ; ಮಾಳಿಗೆಯಲ್ಲಿ ಅದು 60 ಡಿಗ್ರಿಗೆ ಕಾಯುವದುಂಟು. ಹೆಚ್ಚಾದ ಒಂದೊಂದು ಡಿಗ್ರಿಗೆ ಶೇಕಡಾ 0.35ರಂತೆ ಎಣಿಸಿದರೆ 35 ಡಿಗ್ರಿಗೆ ಶೇಕಡಾ 12ಕ್ಕೂ ಮೇಲ್ಪಟ್ಟ ನಷ್ಟವು. ಗಣಿತವು ಅಡಿಗೆಮನೆಗೆ ಬೇಡವೆನ್ನುವ ಬಾಲಿಕೆಯರು ಇದನ್ನು ಮಾಡಿ ನೋಡಲಿ. ಇವೊಂದೂ ಇಲ್ಲದಿದ್ದರೆ ಆಗ ತೊಳೆದು, ಮುಂದಿನ ಮೂರು ನಿರ್ಮಲ ದಿನಗಳ ಅಂಕಿಗಳನ್ನು ಹಿಂದಿನವುಗಳೊಡನೆ ಹೋಲಿಸಬೇಕು. ಏರಿದ್ದರೆ ಧೂಳೇ ಕಾರಣವು. ಏರದಿದ್ದರೆ ಕೀಲು ಸಡಿಲಿದೆಯೋ, ಇನ್ವರ್ಟರು ಕೆಟ್ಟಿದೆಯೋ ಎಂದು ಪರೀಕ್ಷಿಸಲಿಕ್ಕೆ ಕೂಡ್ರಿಸಿದವರನ್ನು ಪುಸ್ತಕಸಮೇತ ಕೇಳಬಹುದು.