ಮತ ಕೇಳಿದ ರೈತ ಕ್ಯಾಪ್ಟನ್

ಅಣೆಕಟ್ಟಿಗೆ ಹೊಲ ಬಿಟ್ಟುಕೊಟ್ಟವರ ಸಂಕಟ ತುಂಗಭದ್ರೆಯ ಹಿನ್ನೀರು ಕಂಡ ಕೊಪ್ಪಳ ಭಾಗಕ್ಕೆ ಹೊಸತಲ್ಲ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಮನೆತನದ ಜಮೀನೂ ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿತು. 1971ರ ಯುದ್ಧ ಕಂಡಿದ್ದ ಅವರು ಸೇನೆ ಬಿಟ್ಟು ಬಂದು, ಪರಿಹಾರವಾಗಿ ಸಿಕ್ಕ ಜಾವಗಲ್ ಬಳಿಯ ಬರಡು ನೆಲದಲ್ಲಿ ತೆಂಗು ನೆಟ್ಟರು, ರೇಷ್ಮೆ ಬೆಳೆದರು. ಪರಿಸರಕ್ಕೆ ಒಗ್ಗುವ ಆ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. 2003ರಲ್ಲಿ ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಸೇವೆ ಆರಂಭಿಸಿದರು.

2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತು ಸೋತರು. ಸೇನೆಯ ಹೆಸರು, ವಿಮಾನದ ಕೀರ್ತಿ ಮತವಾಗಲಿಲ್ಲ. ಆದರೆ ಬರಡು ನೆಲದಲ್ಲಿ ಪಟ್ಟ ದುಡಿಮೆಗೆ ಸೋಲಿಲ್ಲ.

ಗಂಗಾವತಿಯ ಗದ್ದೆಯವರಿರಲಿ, ಕುಷ್ಟಗಿ-ಯಲಬುರ್ಗಾದ ಒಣಭೂಮಿಯವರಿರಲಿ, ಪಂಚಾಯಿತಿ ಮತ ಕೇಳಲು ಯಾರೇ ಬಂದರೂ ಮೊದಲು ಕೇಳಿರಿ: “ನಿಮ್ಮ ಹೊಲದ ಬದು ಹೇಗಿದೆ? ಊರ ಕೆರೆಗೆ ಏನು ಮಾಡಿದ್ದೀರಿ?”